ಎಂಟನೇ ಇಯತ್ತೆಯ ಹಿಂದಿನ ಬೆಂಚು

ಇದು 1976ರ ಸುಮಾರಿನ ಮಾತು. ಖಾನಾಪುರದ ನಮ್ಮ ಶಾಲೆಯಲ್ಲಿ ಗಂಡುಹುಡುಗರಿಗೆ ಬೀಜಗಣಿತದ ತಾಸು ನಡೆದಾಗ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಕಾಜ ಮಾಡುತ್ತ, ಗುಂಡಿ ಹಚ್ಚುತ್ತ ನಾನು ಮೆಟ್ರಿಕ್ ಮುಗಿಸಿದೆ. ಮುಂದೆ ಬೆಳಗಾವಿಯ ಕಾಲೇಜಿನಲ್ಲಿ ಬಿ.ಎ.ಗೆ ಅರ್ಥಶಾಸ್ತ್ರ ತೆಗೆದುಕೊಂಡೆ. ಅಲ್ಲಿ ಸಂಖ್ಯಾಶಾಸ್ತ್ರದ ಪೇಪರು ಕಡ್ಡಾಯ. ಬೀಜಗಣಿತವೇ ಗೊತ್ತಿಲ್ಲದ ನನಗೆ ಸರ್ ಹಲಗೆಯ ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಶಾಲೆಯಲ್ಲಿ ನಮಗೆ ಹೊಲಿಗೆಯಷ್ಟೇ ಕಲಿಸಿದರು ಎಂದು ಅವರಿಗೆ ಹೇಳಿದೆ.

"ಸೂಜಿ ಹಿಡದ ಕೈಗೆ ಇದು ಬಗ್ಗೂದಿಲ್ಲ ಬಿಡವಾ. ದೀಪಾವಳಿ ಒಳಗ ವಿಷಯ ಬದಲು ಮಾಡ್ಕೋ" ಎಂದು ಸರ್ ಎಲ್ಲರೆದುರೇ ಹೇಳಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಸೂಜಿಯನ್ನೇನು ನಾನು ಕೇಳಿ ಪಡೆದಿದ್ದೆನೇ?

ಮರುದಿನವೇ ಬೆಳಗಾವಿಯದೇ ಟಿಳಕವಾಡಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋದೆ. ಅಲ್ಲಿ ಹುಡುಗಿಯರಿಗೂ ಬೀಜಗಣಿತ ಕಲಿಸುತ್ತಿದ್ದರು. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಎಂಟನೇ ಇಯತ್ತೆಯ ತರಗತಿಯಲ್ಲಿ ಬೀಜಗಣಿತದ ತಾಸಿಗೆ ಕೂರಲು ಬಿಡಿ ಎಂದು ಹೆಡ್‌ ಅಕ್ಕೋರನ್ನು, ಅಂದರೆ ಮುಖ್ಯೋಪಾಧ್ಯಾಯಿನಿಯನ್ನು, ಕೇಳಿದೆ.

"ಸಣ್ಣ ಹುಡುಗ್ಯಾರ ಬಾಜು ಕುಂದರಾಕ ನಾಚಿಕಿ ಆಗೂದಿಲ್ಲೇನ?"

"ಬಿಟ್ಟು ಓಡಾಕ ನಾಚಿಕಿರೀ, ಕುಂದರಾಕ ಅಲ್ಲ."

ಅವರು ನಕ್ಕು ಒಪ್ಪಿದರು. ಸೀರೆ ಉಟ್ಟು ಲಂಗದ ಹುಡುಗಿಯರ ಹಿಂದೆ ಕೂತೆ. ಅವರು ಹಿಂತಿರುಗಿ ನೋಡಿ ಕಿಸಿಕಿಸಿ ನಗುತ್ತಿದ್ದರು. ನಗಲಿ ಬಿಡು ಎಂದುಕೊಂಡೆ.

ಹೀಗೇ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಹೆಡ್‌ ಅಕ್ಕೋರ ಜೊತೆ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಆ ತಾಸಿನ ಅಕ್ಕೋರು ಇನ್ನೂ ಬಂದಿರಲಿಲ್ಲ. ಸೀರೆ ಕಂಡು ಸಾಹೇಬರು ನನ್ನನ್ನೇ ಶಿಕ್ಷಕಿ ಎಂದು ತಿಳಿದರು.

"ಅಕ್ಕೋರ, ಹಿಂದ್ಯಾಕ ಕುಂತೀರಿ? ಬರ್ರಿ, ಒಂದು ಸಮೀಕರಣ ಬಿಡಿಸಿ ತೋರಸ್ರಿ."

ಹೆಡ್‌ ಅಕ್ಕೋರ ಮುಖ ಬಿಳಿಚಿತು. ಹೊರಗಿನವಳನ್ನು ಕೂರಿಸಿಕೊಂಡ ತಪ್ಪು ಅವರ ತಲೆಗೇ ಬರುವುದಿತ್ತು, ನನ್ನ ಪಾಠವೂ ಅಂದಿಗೇ ನಿಲ್ಲುವುದಿತ್ತು. ಸುಮ್ಮನೆ ಅಕ್ಕೋರಾಗಿಬಿಡಲೇ ಎಂಬ ಆಸೆಯೂ ಆಯಿತು. ಆದರೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನಾ ಅಕ್ಕೋರಲ್ರಿ. ಕಾಲೇಜಿನಾಕಿ. ನಮ್ಮ ಸಾಲ್ಯಾಗ ಇದನ್ನ ಕಲಿಸಲಿಲ್ಲ. ನಾನ ಕಾಡಿ ಬೇಡಿ ಇಲ್ಲಿ ಬಂದು ಕುಂತೇನಿ" ಎಂದು ಹಲಗೆಗೆ ಹೋಗಿ ಸೀಮೆಸುಣ್ಣದ ಖಡು ಕೈಗೆತ್ತಿಕೊಂಡೆ.

ಸಾಹೇಬರು ಹೇಳಿದ ಲೆಕ್ಕ ಬಿಡಿಸಿದೆ. ಸಮಚಿಹ್ನೆ ದಾಟಿಸುವಾಗ ಮೈನಸ್ ಏಳನ್ನು ಪ್ಲಸ್ ಮಾಡಬೇಕಿತ್ತು. ಮೈನಸ್ ಆಗಿಯೇ ಬಿಟ್ಟಿದ್ದೆ. ಮುಂದಿನ ಬೆಂಚಿನ ಹುಡುಗಿ ಕಿಸಕ್ಕನೆ ನಕ್ಕಳು.

"ತಪ್ಪೈತಲ್ಲ?" ಎಂದರು ಸಾಹೇಬರು.

"ಹೌದ್ರಿ. ಅದಕ್ಕ ದಿನಾ ಬರತೇನಿ. ಸರಿಯಾಗಿ ಬಿಡಸಾಕ ಬರತಿದ್ರ ಇಲ್ಲಿಗ್ಯಾಕ ಬರತಿದ್ನಿರಿ?"

ಸಾಹೇಬರು ನನ್ನನ್ನೂ ಹಲಗೆಯನ್ನೂ ನೋಡಿದರು. "ತಿದ್ದು. ತಿದ್ದಿ ಹೋಗಿ ಕುಂದರು" ಎಂದರು. ಹೆಡ್‌ ಅಕ್ಕೋರಿಗೆ ಒಂದು ಮಾತೂ ಅನ್ನದೆ ಪಕ್ಕದ ತರಗತಿಗೆ ನಡೆದರು.

ನಾನು ವಿಷಯ ಬದಲಿಸಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಹೇಗೋ ಪಾಸಾದೆ, ಪದವಿಯೂ ಬಂತು. ಆದರೆ ಮಕ್ಕಳೆದುರು ತಪ್ಪು ಲೆಕ್ಕ ಬರೆದು, ತಲೆ ತಗ್ಗಿಸದೆ ನಿಂತಿದ್ದೆನಲ್ಲ, ಅಂದಿನಷ್ಟು ಹೆಮ್ಮೆ ಪದವಿ ಕೈಗೆ ಬಂದ ದಿನವೂ ಆಗಲಿಲ್ಲ.