ಕನ್ನಡದಲ್ಲಿ ಓದಿ ಹೇಳಿದ್ದೇನೆ

ನನ್ನ ವಕೀಲಿಯ ಸನದು ಅಮಾನತಾಗಿ ಏಳು ತಿಂಗಳಾಯಿತು. ಇನ್ನೂ ಹದಿನೇಳು ತಿಂಗಳು ನಾನು ಕರಿಕೋಟು ಹಾಕುವಂತಿಲ್ಲ. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇದು ಎಲ್ಲರಿಗೂ ಗೊತ್ತು. ಆದರೂ ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ಮೊದಲ ಮಹಡಿಯ ಮುದುಕರು "ಕಾಯ್ ವಕೀಲ್ ಸಾಹೇಬ್, ಆಜ್ ಪಣ್ ಸುಟ್ಟಿ?" ಎಂದು ಕೇಳಿಯೇ ಕೇಳುತ್ತಾರೆ. ಇವತ್ತೂ ರಜೆಯೇ ಎಂದು. ನಾನು ಹಲ್ಲು ಕಿರಿದು ಮೇಲೆ ಬರುತ್ತೇನೆ. ಲಿಫ್ಟಿನಲ್ಲಿ ಅವರ ಮೇಲೆ ಸಿಟ್ಟು ಉಕ್ಕುತ್ತದೆ. ಸಿಟ್ಟು ಮಾಡುವ ಯೋಗ್ಯತೆ ನನಗಿಲ್ಲ ಎಂದು ನೆನಪಾಗುವಾಗ ನಮ್ಮ ಮಹಡಿ ಬಂದಿರುತ್ತದೆ.

ಕಲ್ಯಾಣದ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ವಕೀಲಿ ಮಾಡಿದೆ. ದೊಡ್ಡ ಕೇಸುಗಳು ನನ್ನ ಬಳಿ ಬಂದದ್ದು ಕಡಿಮೆ. ನನ್ನ ಅನ್ನ ಹುಟ್ಟುತ್ತಿದ್ದದ್ದು ಕನ್ನಡದಿಂದ. ಅಲ್ಲಿ ಅಫಿಡವಿಟ್ಟುಗಳೆಲ್ಲ ಇಂಗ್ಲಿಷಿನಲ್ಲಿ. ಸಹಿ ಹಾಕುವವರಿಗೆ ಇಂಗ್ಲಿಷ್ ಬಾರದಿದ್ದರೆ ಅವರ ಭಾಷೆ ಬಲ್ಲ ವಕೀಲನೊಬ್ಬ ಕೆಳಗೆ ಬರೆದು ಕೊಡಬೇಕು: ಇದರಲ್ಲಿರುವುದನ್ನು ಇವರಿಗೆ ಕನ್ನಡದಲ್ಲಿ ಓದಿ ಹೇಳಿದ್ದೇನೆ, ಇವರಿಗೆ ಅರ್ಥವಾಗಿದೆ, ನನ್ನೆದುರೇ ಸಹಿ ಹಾಕಿದ್ದಾರೆ. ಹೋಟೆಲಿನವರು, ಕ್ಯಾಂಟೀನಿನವರು, ಅವರ ಮನೆಯವರು, ಎಲ್ಲರೂ ಇದಕ್ಕಾಗಿ ನನ್ನ ಮೇಜಿಗೇ ಬರುತ್ತಿದ್ದರು. ಪ್ರತಿಸಲ ಕೈಯಲ್ಲಿ ಬರೆಯುವುದು ಬೇಸರವಾಗಿ ಒಂದು ರಬ್ಬರ್ ಸ್ಟಾಂಪೇ ಮಾಡಿಸಿಕೊಂಡಿದ್ದೆ. ಆ ಸ್ಟಾಂಪಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮೂರು ವರ್ಷದ ಹಿಂದೆ ಠಾಣೆಯ ಹೋಟೆಲ್ ಮಾಲೀಕರೊಬ್ಬರು ಬಂದರು. ಉಡುಪಿ ಕಡೆಯವರು, ನನಗೆ ದೂರದ ಪರಿಚಯ. ಅವರದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಅವರ ತಮ್ಮ ಎಂಟು ದಿನದ ಹಿಂದೆ ಎದೆನೋವಿನಿಂದ ತೀರಿಕೊಂಡಿದ್ದರು. ತಮ್ಮನಿಗೆ ವಿಠ್ಠಲವಾಡಿಯಲ್ಲಿ ಒಂದು ಕೋಣೆ, ಅಡುಗೆಮನೆ ಇದ್ದ ಫ್ಲಾಟು. ಅದು ಅಣ್ಣನ ಹೆಸರಿಗೆ ಆಗಲು ತನ್ನ ಅಡ್ಡಿಯಿಲ್ಲ ಎಂದು ತಮ್ಮನ ಹೆಂಡತಿ ಸೊಸೈಟಿಗೆ ಕೊಡುವ ಅಫಿಡವಿಟ್ಟು ಅವರ ಕೈಯಲ್ಲಿತ್ತು. ಕೆಳಗೆ ಆಗಲೇ ಕನ್ನಡದಲ್ಲಿ ಸಹಿ ಬಿದ್ದಿತ್ತು.

ನಾನು ಕೇಳಿದೆ. ಕೇಳಿಯೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. "ಅವರೇ ಬರಬೇಕಿತ್ತಲ್ಲ?"

"ಎಂತ ವಕೀಲರೇ, ಇನ್ನೂ ಬೊಜ್ಜ ಮುಗೀಲಿಲ್ಲ," ಎಂದರು ಅವರು. "ಸೂತಕದ ಹೆಂಗಸನ್ನು ಈ ಗರ್ದಿಯಲ್ಲಿ ಕೋರ್ಟಿಗೆ ಕರ್ಕೊಂಡು ಬರ್ಲಿಕ್ಕಾಗ್ತದಾ? ಬೇರೆ ವಕೀಲರಿಗೆ ಇದೆಲ್ಲ ಹೇಳಿದ್ರೆ ತಿಳೀಲಿಕ್ಕಿಲ್ಲ. ನೀವು ನಮ್ಮವರಲ್ವಾ."

ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಅದು ಮುಗಿಯುವವರೆಗೆ ಗಂಡನನ್ನು ಕಳಕೊಂಡವಳು ಹೊಸ್ತಿಲು ದಾಟುವುದಿಲ್ಲ. ನನ್ನ ಅಮ್ಮನೂ ಹಾಗೆಯೇ ಕೂತಿದ್ದಳು. ಇಂಥದ್ದನ್ನು ಬಾಯಿಬಿಟ್ಟು ಕೇಳಿದೆನಲ್ಲ ಎಂದು ನನಗೇ ಮುಜುಗರವಾಯಿತು. ಆ ಹೆಂಗಸು ಬರಲಾಗದಿದ್ದರೆ ನಾನು ಅವಳ ಮನೆಗೆ ಹೋಗಬಹುದಿತ್ತು. ವಿಠ್ಠಲವಾಡಿ ಕಲ್ಯಾಣದಿಂದ ಒಂದೇ ಸ್ಟೇಷನ್ನು. ಅದು ನನಗೆ ಹೊಳೆಯಲೇ ಇಲ್ಲ. ಸ್ಟಾಂಪು ಒತ್ತಿ ಸಹಿ ಮಾಡಿದೆ. ಫೀಸೂ ತೆಗೆದುಕೊಳ್ಳಲಿಲ್ಲ, ಸಾವಿನ ಮನೆಯವರು ಎಂದು. ದುಡ್ಡಿಗಾಗಿ ಮಾಡಿದ್ದರೆ ಇವತ್ತು ನನ್ನನ್ನು ನಾನೇ ಬೈದುಕೊಳ್ಳಲು ಒಂದು ನೆಟ್ಟಗಿನ ಕಾರಣವಾದರೂ ಇರುತ್ತಿತ್ತು. ಒಳ್ಳೆಯವನೆನ್ನಿಸಿಕೊಳ್ಳುವ ಚಟಕ್ಕೆ ಬಿದ್ದು ಮಾಡಿದೆ.

ಅದು ಗಂಡನ ಬ್ಯಾಂಕಿನ ಕಾಗದ ಎಂದು ಹೇಳಿ ಭಾವ ಆಕೆಯ ಸಹಿ ಹಾಕಿಸಿಕೊಂಡಿದ್ದರು. ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಬ್ರೋಕರನ ಜೊತೆ ಯಾರೋ ಗಂಡ ಹೆಂಡತಿ ಬಂದು, ಆಕೆ ಒಲೆಯ ಮುಂದೆ ನಿಂತಿರುವಾಗಲೇ ಟೇಪು ಹಿಡಿದು ಅಡುಗೆಮನೆ ಅಳೆಯತೊಡಗಿದರಂತೆ. ಫ್ಲಾಟು ಮಾರಾಟವಾಗಿತ್ತು. ಮಗಳನ್ನು ಕರೆದುಕೊಂಡು ಆಕೆ ಕಾಮೋಠೆಯ ಅಕ್ಕನ ಮನೆ ಸೇರಿದರು. ಆಮೇಲೆ ಮನೆಗಾಗಿ ಕೋರ್ಟಿಗೆ ಹೋದರು, ನನ್ನ ಮೇಲೆ ವಕೀಲರ ಶಿಸ್ತು ಸಮಿತಿಗೆ ದೂರು ಕೊಟ್ಟರು. ನನ್ನ ಸ್ಟಾಂಪಿನ ಆ ಎರಡು ಸಾಲು ನಿಜವೆಂದು ನಿಂತರೆ ಆಕೆಯ ಮನೆ ಹೋದಂತೆಯೇ. ಸುಳ್ಳೆಂದಾದರೆ ನನ್ನ ಸನದು.

ನನ್ನ ಪರ ನಿಂತಿದ್ದ ಗೆಳೆಯ, ಅವನೂ ಕಲ್ಯಾಣದ ವಕೀಲ, "ಆ ಹೆಂಗಸು ಬಂದಿದ್ದಳು ಅಂತ ಬರೆ, ಖತಂ. ಅವಳ ಹತ್ರ ಸಾಕ್ಷಿ ಯಾರಿದಾರೆ?" ಎಂದ. ದೂರಿಗೆ ಉತ್ತರವನ್ನು ನಾನೇ ಟೈಪ್ ಮಾಡಿದೆ. ದೂರುದಾರರು ಖುದ್ದು ನನ್ನ ಮೇಜಿಗೆ ಬಂದರು, ಒಂದೊಂದು ಸಾಲನ್ನೂ ಕನ್ನಡದಲ್ಲಿ ವಿವರಿಸಿದೆ, ಅವರು ತಲೆಯಾಡಿಸಿ ಸಹಿ ಹಾಕಿದರು. ತಲೆಯಾಡಿಸಿದರು ಎಂಬುದು ನಾನೇ ಸೇರಿಸಿದ್ದು. ಓದುವವರಿಗೆ ಕಣ್ಣಿಗೆ ಕಟ್ಟಬೇಕಲ್ಲ!

ವಿಚಾರಣೆಯ ದಿನ ಮುಂಬಯಿಗೆ ಬೇಗ ತಲುಪಿದೆ. ಆರೋಪಿ ಕರಿಕೋಟಿನಲ್ಲಿ ಬಂದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಗೆಳೆಯ ಹೇಳಿದ್ದರಿಂದ ಸಾದಾ ಅಂಗಿ ಹಾಕಿದ್ದೆ. ಅವನು ಚಹಾಕ್ಕೆ ಹೋಗಿದ್ದ. ನಾನು ವರಾಂಡದ ಬೆಂಚಿನ ಮೇಲೆ ಕೂತು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನಿಟ್ಟಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿದರು. ನಲವತ್ತರ ಆಸುಪಾಸು, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು.

"ನೀವು ಊರ ಕಡೆಯವರಾ? ಕನ್ನಡ ಕೇಳಿ ಜೀವ ಬಂತು ನೋಡಿ. ನಮ್ಮ ವಕೀಲರ ಟ್ರೇನು ಮುಂಬ್ರಾದಲ್ಲಿ ನಿಂತಿದೆಯಂತೆ. ಮಗಳಿಗೆ ಇಂಗ್ಲಿಷ್ ಬರ್ತದೆ, ಅವಳಿಗೆ ಪರೀಕ್ಷೆ ಉಂಟು ಇವತ್ತು. ಆ ವಕೀಲ ಎಂತ ಉತ್ತರ ಬರ್ದಿದ್ದಾನೆ ಅಂತ ನಂಗೆ ಇನ್ನೂ ಗೊತ್ತಿಲ್ಲ. ಒಂಚೂರು ಓದಿ ಹೇಳ್ತೀರಾ?"

ಕಾಗದ ನನ್ನ ಕೈಗೆ ಬಂತು. ಮೇಲೆ ನನ್ನ ಹೆಸರು.

ಆಗಲೇ ಎದ್ದು ಹೋಗಬಹುದಿತ್ತು. ನಾನೇ ಅವನು ಎನ್ನಬಹುದಿತ್ತು. ಎರಡೂ ಮಾಡಲಿಲ್ಲ. ಓದಿದೆ, ಒಂದೊಂದೇ ಸಾಲು, ಕನ್ನಡದಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಅಷ್ಟು ನಿಧಾನವಾಗಿ ಓದಿ ಹೇಳಿರಲಿಲ್ಲ. ಆಕೆ ನಡುನಡುವೆ ತಡೆದು ಕೇಳಿದರು. "ಖುದ್ದು ಅಂದ್ರೆ ನಾನೇನಾ?" ಹೌದು ಎಂದೆ. ತಲೆಯಾಡಿಸಿದರು ಎಂಬಲ್ಲಿಗೆ ಬಂದೆ. ಅದನ್ನೂ ಓದಿದೆ.

ಆಕೆ ಅಳಲಿಲ್ಲ. "ಎಷ್ಟು ಚಂದ ಬರ್ದಿದ್ದಾನೆ ಮಾರಾಯ್ರೆ," ಎಂದರು. "ಅವನು ಹೀಗೆ ನಿಮ್ಮ ಹಾಗೆ ಓದಿ ಹೇಳಿದ್ರೆ ನಾನು ಯಾಕೆ ಸಹಿ ಹಾಕ್ತಿದ್ದೆ? ಅವನ ಮೋರೆ ಸಹ ನೋಡ್ಲಿಲ್ಲ ನಾನು."

ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರ ಹೆಸರನ್ನೂ ಕೂಗಿದರು. ನಾವಿಬ್ಬರೂ ಒಟ್ಟಿಗೇ ಎದ್ದೆವು. ನಾನೂ ಅದೇ ಬಾಗಿಲಿಗೆ ಹೋಗುವುದನ್ನು ಕಂಡು, ನನ್ನ ಜೊತೆ ಒಳಗೂ ಬರುತ್ತೀರಾ ಎಂಬಂತೆ ಆಕೆ ಸಮಾಧಾನದಿಂದ ನಕ್ಕರು. ನಾನು ಆರೋಪಿಯ ಕಡೆ ಹೋಗಿ ನಿಂತೆ. ಆ ನಗು ಮುಖದಿಂದ ಇಳಿದದ್ದನ್ನು ನೋಡಿದೆ.

ಮೇಜಿನ ಆಚೆ ಮೂವರು ಹಿರಿಯರು. ನಡುವಿನವರು ನನ್ನ ಉತ್ತರದ ಮೇಲೆ ಬೆರಳಿಟ್ಟು ಕೇಳಿದರು: "ಇವರಿಗೆ ಕನ್ನಡದಲ್ಲಿ ಓದಿ ಹೇಳಿದ್ದೀರಿ ಎಂದು ಬರೆದಿದ್ದೀರಿ. ಇವತ್ತೂ ಅದನ್ನೇ ಹೇಳುತ್ತೀರಾ?" ಚಹಾ ಕುಡಿದು ಬಂದಿದ್ದ ಗೆಳೆಯ ಹೂಂ ಎನ್ನು ಎಂದು ಮೊಣಕೈಯಲ್ಲಿ ತಿವಿದ.

"ಓದಿ ಹೇಳಿದ್ದೇನೆ," ಎಂದೆ. "ಈಗ, ಹೊರಗಿನ ಬೆಂಚಿನ ಮೇಲೆ. ಅವತ್ತು ಹೇಳಿರಲಿಲ್ಲ. ಇವರನ್ನು ನಾನು ನೋಡಿದ್ದೇ ಇವತ್ತು."

ಇದನ್ನು ಧೈರ್ಯ ಎಂದು ಗೆಳೆಯರು ಕೆಲವರು ಹೊಗಳಿದ್ದಾರೆ. ಧೈರ್ಯವಂತೆ! ಮುಂಬ್ರಾದಲ್ಲಿ ಟ್ರೇನು ನಿಲ್ಲದೆ ಆಕೆಯ ವಕೀಲರು ಸಮಯಕ್ಕೆ ಬಂದಿದ್ದರೆ, ಆ ಬೆಂಚಿನಲ್ಲಿ ಬೇರೆ ಯಾರಾದರೂ ಕೂತಿದ್ದರೆ, ನಾನು ಗೆಳೆಯನ ಮೊಣಕೈಯ ಮಾತನ್ನೇ ಕೇಳುತ್ತಿದ್ದೆ. ನನಗೆ ನಾನು ಗೊತ್ತು.

ನನ್ನ ಹೇಳಿಕೆ ಈಗ ಆಕೆಯ ಮನೆಯ ಕೇಸಿನಲ್ಲಿ ಸೇರಿದೆ, ಕೇಸು ನಡೆಯುತ್ತಿದೆ. ಅವತ್ತು ಹೊರಗೆ ಬಂದಾಗ ಆಕೆ ವರಾಂಡದಲ್ಲಿ ಕಾಯುತ್ತಿದ್ದರು. ಏನಾದರೂ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಅವರು ಓದಿ ಹೇಳಲು ಕೊಟ್ಟ ಕಾಗದ ಇನ್ನೂ ನನ್ನ ಕೈಯಲ್ಲೇ ಇತ್ತು. ಕೈ ಚಾಚಿ ಅದನ್ನು ತೆಗೆದುಕೊಂಡರು, ಪುಟಗಳನ್ನು ಎಣಿಸಿ ನೋಡಿದರು, ಎಲ್ಲ ಸರಿಯಾಗಿದೆಯೇ ಎಂದು.