ಗುಲಾಬಿಯ ಹದಿನಾರಾಣೆ

ಮರವಂತೆಯ ಗುಲಾಬಿ ತನ್ನ ಬುಟ್ಟಿಯ ಮೀನಿನ ಬಗ್ಗೆ ಎರಡು ಮಾತು ಹೇಳುತ್ತಾಳೆ. ಒಂದು ಬೆಲೆ. ಅದರಲ್ಲಿ ಚೌಕಾಸಿ ಮಾಡಬಹುದು. ಇನ್ನೊಂದು ಆಣೆ. ಅದರಲ್ಲಿ ಚೌಕಾಸಿಯಿಲ್ಲ.

ಆಗಷ್ಟೇ ಬಲೆಯಿಂದ ಬಿಡಿಸಿ ತಂದ ಮೀನು ಹದಿನಾರಾಣೆ. ಹನ್ನೆರಡಾಣೆಯಾದರೆ ಹುಳಿ, ಖಾರ ಸ್ವಲ್ಪ ಹೆಚ್ಚು ಹಾಕಿ ಸಾರು ಮಾಡಬೇಕು. ಎಂಟಾಣೆಯದ್ದನ್ನು ಅವಳು ಮಾರುವುದಿಲ್ಲ, ಬೆಕ್ಕಿಗೆ ಎಸೆಯುತ್ತಾಳೆ. ಗುಲಾಬಿ ಹುಟ್ಟುವ ಹೊತ್ತಿಗೆ ಆಣೆಯ ಲೆಕ್ಕವೇ ಹೋಗಿತ್ತು. ರೂಪಾಯಿಗೆ ಹದಿನಾರಾಣೆ ಎಂದು ಹೇಳಿಕೊಟ್ಟವಳು ಅವಳ ತಾಯಿ. ಮೀನನ್ನು ಹಾಗೆ ಅಳೆಯುವುದನ್ನು ಕಲಿಸಿದವಳೂ ಅವಳೇ. ಈಗ ನಾವುಂದದಲ್ಲಿ ಗುಲಾಬಿ ಹೋಗುವ ಇಪ್ಪತ್ತು ಮನೆಗಳ ಮಕ್ಕಳಿಗೂ ಆ ಲೆಕ್ಕ ಗೊತ್ತು. ಗೇಟಿನಿಂದಲೇ ಕೂಗುತ್ತವೆ: "ಗುಲಾಬಕ್ಕಾ, ಇವತ್ತ್ ಎಷ್ಟಾಣೆ?"

ಮನುಷ್ಯರನ್ನೂ ಅವಳು ಹಾಗೆಯೇ ಅಳೆಯುತ್ತಾಳೆ. ಗಂಡ ಕೊರಗ ಮಾತ್ರ ಆಣೆಗೂ ಸಿಕ್ಕುವುದಿಲ್ಲ. ಬೋಟಿನ ಕೆಲಸ ಬಿಟ್ಟು ಮೂರು ವರ್ಷದಿಂದ ಜಗಲಿಯಲ್ಲಿ ಕುಳಿತ ಅವನನ್ನು ಅವಳು "ನಮ್ಮನಿ ತೂತ್ ಕಾಸ್" ಎನ್ನುತ್ತಾಳೆ. ಅದಕ್ಕೆ ಅವನ ಉತ್ತರ ಯಾವಾಗಲೂ ತಯಾರು: "ಹಿಂದೆ ಮಕ್ಳ ಉಡ್ದಾರಕ್ಕೆ ಕಟ್ತಿದ್ದದ್ ತೂತ್ ಕಾಸನ್ನೇ ಅಲ್ದಾ? ಒಳ್ಳೆ ಕಾಸನ್ನ್ ಯಾರ್ ಕಟ್ತ್ರ್?"

ಈ ಸಲ ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗೆ ಇಳಿದ ವಾರವೇ ಗುಲಾಬಿಗೆ ಜ್ವರ ಬಂತು. ಐದು ದಿನಕ್ಕೆ ಜ್ವರ ಇಳಿಯಿತು. ಆದರೆ ಆರನೆಯ ದಿನ ಬುಟ್ಟಿಯ ಹತ್ತಿರ ಬಗ್ಗಿದವಳಿಗೆ ಮೀನಿನ ವಾಸನೆ ಬರಲಿಲ್ಲ. ಹಿತ್ತಲಿಗೆ ಹೋಗಿ ಒಣಮೀನಿನ ಡಬ್ಬಿ ತೆರೆದು ಮೂಗಿಗೆ ಹಿಡಿದಳು. ಅದೂ ಇಲ್ಲ. ಡಾಕ್ಟರು, "ತಿರುಗಿ ಬರುತ್ತದೆ, ಯಾವಾಗ ಅಂತ ಹೇಳಲಿಕ್ಕಾಗದು" ಎಂದರು.

ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ. ಮೀನಿನ ಕಣ್ಣು ನೋಡಿದಳು, ಕಿವಿರು ಬಿಡಿಸಿ ನೋಡಿದಳು, ಬೆರಳಿನಿಂದ ಒತ್ತಿ ನೋಡಿದಳು. ಆದರೆ ಐಸಿನಲ್ಲಿಟ್ಟ ಮೀನು ಎರಡು ದಿನ ಕಳೆದರೂ ಹೊಳೆಯುತ್ತದೆ. ಅದರ ಸುಳ್ಳು ಹಿಡಿಯುವುದು ಮೂಗು ಒಂದೇ. ಹೆದರಿಕೊಂಡು ಅವಳು ಎಲ್ಲದಕ್ಕೂ ಹನ್ನೆರಡಾಣೆ ಎನ್ನತೊಡಗಿದಳು. ಹನ್ನೆರಡು ಎಂದರೆ ಯಾರೂ ಬಯ್ಯುವುದಿಲ್ಲ. ಆದರೆ ದಿನಾ ಅದನ್ನೇ ಹೇಳಿದರೆ ಇವಳೇಕೆ ಬೇಕು, ಪೇಟೆಯಲ್ಲೇ ತಂದರಾಯಿತು ಎನ್ನುವ ಕಾಲ ದೂರವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮೊದಲು ಕೇಳಿದವರು ನಿವೃತ್ತ ಶಿಕ್ಷಕಿ ವನಜ ಟೀಚರ್.

"ಎಂತ ಗುಲಾಬಿ, ಕಡಲಗೆ ಇಪ್ಪ ಮೀನೆಲ್ಲ ಹನ್ನೆರಡಾಣೆ ಆಯ್ತಾ?"

ಗುಲಾಬಿ ನಕ್ಕು ಬುಟ್ಟಿ ಕೆಳಗಿಟ್ಟಳು.

"ಇವತ್ತ್ ಸಮ ಹೇಳ್ಕ್. ನಮ್ಮ ಮಗಳ್ ದಿವ್ಯಾಳಿಗೆ ಹೆರಿಗೆ ಆಯಿ ಹದಿನೈದ್ ದಿನ. ಬಾಣಂತಿಗೆ ನಂಗು ಮೀನ್ ಬೇಕ್. ಹದಿನಾರಾಣೆ ಆರೆ ಮಾತ್ರ ಕೊಡ್."

ಬುಟ್ಟಿಯಲ್ಲಿ ನಾಲಗೆಯಂತೆ ಚಪ್ಪಟೆಯಾದ ನಂಗು ಮೀನಿತ್ತು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಒಂದು ಮಾತು ಹೇಳಿದರೆ ಮುಗಿಯಿತು. ಒಳಗೆ ಮಗು ಅತ್ತಿತು. ಗುಲಾಬಿ ಮೀನನ್ನು ತಿರುಗಿಸಿ ತಿರುಗಿಸಿ ನೋಡಿ ಕೊನೆಗೆ ಬುಟ್ಟಿಗೇ ಹಾಕಿದಳು.

"ನಂಗೆ ಗೊತ್ತಾತಿಲ್ಲೆ ಟೀಚರಮ್ಮ. ಜ್ವರ ಬಂದ್ ಹೋದ್ಮೇಲೆ ವಾಸ್ನಿಯೇ ಬತ್ತಿಲ್ಲೆ. ಇಷ್ಟ್ ದಿನ ಬರೀ ಅಂದಾಜಿಗೆ ಹೇಳ್ದೆ."

ಟೀಚರ್ ಮೆಟ್ಟಿಲ ಮೇಲೆ ಕುಳಿತು ತಾವೇ ಮೀನನ್ನು ಎತ್ತಿ ಮೂಸಿದರು. "ವಾಸ್ನಿ ಬತ್ತಿತ್. ಆರೆ ಎಷ್ಟಾಣೆ ಅಂದೇಳಿ ನಂಗೆಂತ ಗೊತ್ತ್ ಮಾರಾಯ್ತಿ!"

ಗುಲಾಬಿ ತಟ್ಟನೆ ಕೇಳಿದಳು: "ಉಪ್ಪ್ ನೀರಿನ ವಾಸ್ನಿಯಾ?"

"ಹೌದ್."

"ಕಿವಿರಿನ ಹತ್ರ ಕಾಣಿ. ಅಡಿಯಗೆ ಚೂರ್ ಹುಳಿ ಇತ್ತಾ?"

ಟೀಚರ್ ಇನ್ನೊಮ್ಮೆ ಮೂಸಿದರು. "ಇತ್ತ್, ಚೂರೇ ಚೂರ್."

"ಹಂಗಾರೆ ಹದಿಮೂರಾಣೆ. ಬಾಣಂತಿಗೆ ಬ್ಯಾಡ, ನಾಳೆ ಒಳ್ಳೇದ್ ತತ್ತೆ."

ಹೇಳಿದ ಮೇಲೆ ಗುಲಾಬಿಗೇ ಆಶ್ಚರ್ಯವಾಯಿತು. ಮೂರು ವಾರದಲ್ಲಿ ಅವಳು ಧೈರ್ಯವಾಗಿ ಹೇಳಿದ ಮೊದಲ ಆಣೆ ಅದು. ಮೂಗು ಹೋಗಿತ್ತು, ಲೆಕ್ಕ ಹೋಗಿರಲಿಲ್ಲ. ಟೀಚರ್ ಬೈಯಲಿಲ್ಲ. ಆ ಹದಿಮೂರಾಣೆಯನ್ನು ತಮ್ಮ ಸಾರಿಗೆಂದು ತೆಗೆದುಕೊಂಡು, "ನಾಳೆ ತಪ್ಪಿಸ್ಬ್ಯಾಡ" ಎಂದರು.

ಮನೆಗೆ ಬಂದು ಗುಲಾಬಿ ಗಂಡನಿಗೆ ಎಲ್ಲ ಹೇಳಿದಳು. ಕೊರಗ ಕಾಲು ಅಲ್ಲಾಡಿಸುತ್ತ, "ಮೂರ್ ವಾರ ಮುಚ್ಚಿಟ್ಯಲೆ" ಎಂದ, ಅಷ್ಟೇ. ಮರುದಿನ ಬೆಳಿಗ್ಗೆ ಅವಳು ಬುಟ್ಟಿ ಎತ್ತಿಕೊಳ್ಳುವ ಹೊತ್ತಿಗೆ ಅವನು ಅಂಗಿ ಹಾಕಿ ಅಂಗಳದಲ್ಲಿ ನಿಂತಿದ್ದ. ದೋಣಿಗಳು ಬಂದು ನಿಲ್ಲುವಲ್ಲಿ ಒಂದೊಂದೇ ರಾಶಿಯ ಮುಂದೆ ಬಗ್ಗಿ ಮೂಸಿದ. ಅವಳು ಕೇಳಿದಳು, ಅವನು ಹೇಳಿದ. ನಲವತ್ತು ವರ್ಷ ಕಡಲಿನಲ್ಲಿದ್ದವನ ಮೂಗು ಸುಳ್ಳು ಹೇಳಲಿಲ್ಲ. ನಾಲ್ಕನೆಯ ರಾಶಿಯ ನಂಗು ಮೀನಿಗೆ ಗುಲಾಬಿ ಗಟ್ಟಿಯಾಗಿ "ಹದಿನಾರು!" ಎಂದಳು.

ವನಜ ಟೀಚರ್ ಮೀನು ತೆಗೆದುಕೊಳ್ಳುತ್ತ ಕೇಳಿದರು, "ಮೂಗ್ ಬಂತಾ?"

"ಇಲ್ಲೆ. ನಮ್ಮನಿ ತೂತ್ ಕಾಸನ್ನ್ ಕರ್ಕಂಡ್ ಹೋಯಿದ್ದೆ."

ಟೀಚರ್ ನಕ್ಕ ಸದ್ದಿಗೆ ಒಳಗಿನಿಂದ ದಿವ್ಯಾಳೂ ಹೊರಗೆ ಇಣುಕಿದಳು.

ಆ ಮಧ್ಯಾಹ್ನ ಖಾಲಿ ಬುಟ್ಟಿಯನ್ನು ಕೆಳಗಿಟ್ಟು ಗುಲಾಬಿ ಜಗಲಿಯಲ್ಲಿ ಕಾಲು ಚಾಚಿದಳು. ಮೂರು ವಾರದ ಭಾರ ತಲೆಯಿಂದ ಇಳಿದಂತಿತ್ತು. ಪಕ್ಕದಲ್ಲಿ ಕೊರಗ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೇಳಿದ: "ಹ್ವಾಯ್, ನಂಗೀಗ ಎಷ್ಟಾಣೆ?"

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಆರ್."

"ಇಷ್ಟೇಯಾ?"

"ನಾಳೆ ಬೆಳಿಗ್ಗೆಯೂ ಎದ್ರೆ ಏಳ್."