ಎದೆಮಟ್ಟದಲ್ಲೊಂದು ರೈಲು

"ಅಮ್ಮಾ, ಹಲ್ಲಿನಜ್ಜ ನನ್ ಕೈಗೆ ರೈಲು ಕೊಟ್ಟು ತಾವು ಯಾಕೆ ಕೈ ಹಿಂದೆ ಕಟ್ಕೊಂಡು ನಿಲ್ತಾರೆ? ಅವರಿಗೆ ಯಾರು ಶಿಕ್ಷೆ ಕೊಟ್ಟಿದ್ದು?"

ಆರು ವರ್ಷದ ಮಗಳು ಇದನ್ನು ಕೇಳಿದ್ದು ಮೆಟ್ಟಿಲ ಮೇಲೆ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ತಾಯಿಯ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಬೀಗದ ಕೈ, ಹಲ್ಲಿನ ನಡುವೆ ಸ್ಕೂಲಿನವರು ಕೊಟ್ಟ ಚೀಟಿ. ಚೀಟಿ ಕಚ್ಚಿಕೊಂಡೇ, "ಬೆನ್ನು ನೋವಿರಬೇಕು ಪುಟ್ಟಿ" ಎಂದಳು.

"ಬೆನ್ನು ನೋವಾದ್ರೆ ಕೂತ್ಕೋಬೇಕಲ್ವಾ? ಅವರು ಕೂರಲ್ಲ. ಡಬ್ಬಿ ಹಳಿಯಿಂದ ಜಾರಿದ್ರೆ ಕಣ್ಣೂ ಮುಚ್ಕೋತಾರೆ."

ಮಕ್ಕಳಿಗೆ ಬಾಯಿಗೆ ಬಂದದ್ದು ಹೇಳಿ ನಾವು ಪಾರಾಗುತ್ತೇವೆ. ಪ್ರಶ್ನೆ ಮಾತ್ರ ಅಡುಗೆಮನೆಯವರೆಗೂ ಹಿಂದೆ ಬರುತ್ತದೆ. ಅವತ್ತು ತರಕಾರಿ ಹೆಚ್ಚುವಾಗ ಅವಳಿಗೆ ಅದೇ ಯೋಚನೆ. ನಾಲ್ಕು ತಿಂಗಳಿಂದ ಮಗಳು ಸಂಜೆ ಒಂದು ಗಂಟೆ ಕೆಳಮನೆಯ ಹಲ್ಲಿನಜ್ಜನ ಬಳಿ ಇರುತ್ತಾಳೆ. ಆ ಒಂದು ಗಂಟೆಯಲ್ಲಿ ಇವಳಿಗೆ ಬಟ್ಟೆ ಮಡಿಸಿ, ಪಾತ್ರೆ ತೊಳೆದು, ಉಸಿರು ಬಿಡುವಷ್ಟು ಬಿಡುವೂ ಸಿಗುತ್ತದೆ. ಅಂಥ ಪುಣ್ಯಾತ್ಮರ ಬಗ್ಗೆ ಇವಳಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ.

ಹಲ್ಲಿನಜ್ಜ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕಂತೆ ಹಲ್ಲಿನ ಸೆಟ್ಟು ಮಾಡಿಕೊಡುವವರು. ಮೂವತ್ತೆಂಟು ವರ್ಷ ಕ್ಲಿನಿಕ್ಕುಗಳ ಹಿಂದಿನ ಕೋಣೆಗಳಲ್ಲೇ ಕಳೆದರು. ಊರಿನ ಎಷ್ಟೋ ಜನರ ನಗು ಅವರ ಕೈಯಿಂದ ಹೊರಟದ್ದು, ಆದರೆ ಒಬ್ಬರ ಮುಖವನ್ನೂ ಅವರು ಕಂಡವರಲ್ಲ. ಬೀದಿಯಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ, "ಮೇಲಿನ ಸೆಟ್ಟು ನಂದೇ ಇರಬೇಕು" ಎಂದು ಹೆಂಡತಿಯನ್ನು ಮೊಣಕೈಯಿಂದ ತಿವಿಯುತ್ತಾರೆ. ಬಟ್ಟೆ ಆಲ್ಟರ್ ಮಾಡಿಕೊಡುವ ಆ ಹೆಂಗಸಿಗೆ ಸೂಜಿಗಿಂತ ನಾಲಗೆ ಚೂಪು: "ಊರೋರ ಬಾಯೆಲ್ಲ ರಿಪೇರಿ ಮಾಡಿದ್ರಿ. ನಿಮ್ಮ ಬಾಯಿ ರಿಪೇರಿಗೆ ಯಾರನ್ನ ಹುಡುಕೋದು?"

ಮರುದಿನ ಸಂಜೆ ಅವಳು ಮಗಳನ್ನು ಕರೆತರಲು ಹತ್ತು ನಿಮಿಷ ಮೊದಲೇ ಇಳಿದು ಹೋದಳು. ನಡುಮನೆಯಲ್ಲಿ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಒಳಗಿನ ಸಣ್ಣ ಕೋಣೆಯಲ್ಲಿ, ಕಿಟಕಿಗೂ ಬೀರುವಿಗೂ ನಡುವಿನ ಗೋಡೆಗೆ, ಮೂರು ಕಬ್ಬಿಣದ ಬ್ರಾಕೆಟ್ಟುಗಳ ಮೇಲೆ ಒಂದು ಹಲಗೆ. ಆರಡಿ ಉದ್ದ, ಒಂದಡಿ ಅಗಲ. ಅಷ್ಟರಲ್ಲೇ ಅವರ ರೈಲ್ವೆ. ಒಂದು ಹಳಿ ಎಡದಿಂದ ಬಂದು ಮೂರಾಗಿ ಒಡೆಯುತ್ತದೆ. ಪುಟ್ಟ ಎಂಜಿನ್ನಿನಿಂದ ಐದು ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳಿ, ಎಳೆದು, ಬಿಡಿಸಿ, ಹೇಳಿದ ಕ್ರಮದಲ್ಲಿ ಜೋಡಿಸಬೇಕು, ಆಟವೆಂದರೆ ಅಷ್ಟೇ. ಸುತ್ತುವುದಕ್ಕೆ ಜಾಗವಿಲ್ಲ. ಗುಡ್ಡ ಅಚ್ಚು ಮಾಡುವ ಪ್ಲಾಸ್ಟರಿನದು, ಗೋದಾಮು ಔಷಧಿ ಡಬ್ಬದ ರಟ್ಟಿನದು, ಮರಗಳು ಬೇಲಿಯ ಒಣಕಡ್ಡಿಯವು. ಪ್ಲಾಟ್‌ಫಾರಂ ಮಾತ್ರ ಗುಲಾಬಿ ಬಣ್ಣ, ಹಲ್ಲಿನ ಸೆಟ್ಟಿನ ಒಸಡಿಗೆಂದು ತಂದು ಉಳಿದದ್ದರಿಂದ ಮಾಡಿದ್ದು. ಎಂಜಿನ್ನಿನ ಒಂದು ಮಗ್ಗುಲಿಗೂ ಅದೇ ಗುಲಾಬಿ ತೇಪೆ.

ಮಗಳು ಸ್ಟೂಲಿನ ಮೇಲೆ ನಿಂತು, ನಾಲಗೆ ಹೊರಚಾಚಿ, ರೈಲು ಓಡಿಸುವ ಗುಂಡಿ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಹಲ್ಲಿನಜ್ಜ, ಕೈ ಬೆನ್ನ ಹಿಂದೆ. ತಿರುವಿನಲ್ಲಿ ಒಂದು ಡಬ್ಬಿ ಪಕ್ಕಕ್ಕೆ ವಾಲಿತು. ಅಜ್ಜನ ಬಲಗೈ ಎಡಗೈ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬೆರಳಿನ ಗಂಟುಗಳು ಬೆಳ್ಳಗಾದವು. ಕಣ್ಣು ಮುಚ್ಚಿದರು. ತುಟಿ ಬಿಗಿದರು. ಮಗಳು ಡಬ್ಬಿಯನ್ನು ಎತ್ತಿ ಹಳಿಗೆ ಕೂರಿಸಿ, "ಕೂತ್ಕೊಂಡ್ತು ಅಜ್ಜಾ, ಕಣ್ ಬಿಡಿ" ಎಂದ ಮೇಲೇ ಅವರು ಉಸಿರು ಬಿಟ್ಟದ್ದು.

"ಮುಟ್ಟಬೇಡ ಅನ್ನೋ ಮಾತು ಗಂಟಲಿಗೆ ಬಂದಿತ್ತು" ಎಂದು ಹೊಲಿಗೆ ಯಂತ್ರದ ಕಡೆಯಿಂದ ಅವರ ಹೆಂಡತಿಯ ದನಿ ಬಂತು. "ನುಂಗಿದ್ರು. ದಿನಕ್ಕೆ ಹತ್ತು ಸಲ ನುಂಗ್ತಾರೆ. ಅದಕ್ಕೇ ಊಟ ಸೇರಲ್ಲ."

ಅವಳು ನಗಬೇಕೆಂದುಕೊಂಡಳು. ಹಲ್ಲಿನಜ್ಜನ ಮುಖ ನೋಡಿ ನಗು ಅಲ್ಲೇ ನಿಂತಿತು. ಮಗಳನ್ನು ಹೊಲಿಗೆ ಡಬ್ಬದಿಂದ ಬಟ್ಟೆಯ ಗುಂಡಿಗಳನ್ನು ಆರಿಸಿಕೊಡಲು ನಡುಮನೆಗೆ ಕಳಿಸಿ, "ಯಾಕೆ ಅಂಕಲ್ ಇಷ್ಟೊಂದು ಕಷ್ಟಪಡ್ತೀರಾ? ಮುಟ್ಟಬೇಡ ಅಂದ್ರೆ ಅವಳೇನೂ ಅಳಲ್ಲ. ಮನೇಲಿ ನಾನು ದಿನಾ ಅಂತೀನಿ" ಎಂದಳು.

"ನೀವು ಅಂದು ಮರೀತೀರಿ, ಅವಳು ಕೇಳಿ ಮರೀತಾಳೆ. ನಮ್ಮನೇಲಿ ಹಾಗಾಗಲಿಲ್ಲ ಕಣಮ್ಮಾ" ಎಂದರು ಅವರು. ಸ್ಟೂಲಿನ ಮೇಲೆ ತಾವೇ ಕೂತು ಹೇಳತೊಡಗಿದರು.

ಹಲ್ಲಿನ ಕೆಲಸದಲ್ಲಿ ಮೊದಲ ಪಾಠ, ಗಟ್ಟಿಯಾಗುವವರೆಗೆ ಮುಟ್ಟಬಾರದು. ಅಚ್ಚಿಗೆ ಪ್ಲಾಸ್ಟರು ಸುರಿದ ಮೇಲೆ ಕೈ ಕಟ್ಟಿ ಕೂರಬೇಕು. ಒಂದು ಕೂದಲೆಳೆ ಅಲುಗಿದರೂ ಸೆಟ್ಟು ಕೂರುವುದಿಲ್ಲ, ಒಸಡು ಹುಣ್ಣಾಗುತ್ತದೆ, ಮೂರನೇ ದಿನ ಡಾಕ್ಟರು ಅದನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಆ ಪಾಠವನ್ನು ಅವರು ಕೆಲಸದಲ್ಲೇ ಬಿಟ್ಟು ಬರಬೇಕಿತ್ತು. ಜೇಬಲ್ಲಿಟ್ಟುಕೊಂಡು ಮನೆಗೆ ತಂದರು. ಮೂವತ್ತರ ಹರೆಯದಲ್ಲಿ ಈ ಹಲಗೆ ಹೊಡೆದಾಗ ಅದನ್ನು ತಮ್ಮ ಎದೆಮಟ್ಟಕ್ಕೆ ಕೂರಿಸಿದರು. ಎತ್ತರದ ಸ್ಟೂಲಿನಲ್ಲಿ ಕೂತರೆ ರೈಲು ಕಣ್ಣಿಗೆ ನೇರ ಬರುತ್ತದೆ, ನಿಜವಾದ ರೈಲಿನ ಪಕ್ಕದಲ್ಲೇ ನಿಂತ ಹಾಗೆ. ಜೊತೆಗೆ, ತಮ್ಮ ಪುಟ್ಟ ಮಗಳ ಕೈಗೆ ಎಟುಕುವುದಿಲ್ಲ ಎಂಬ ಲೆಕ್ಕವೂ ಇತ್ತು. ಆ ಲೆಕ್ಕವನ್ನು ಆಗ ಅವರು ಬಾಯಿಬಿಟ್ಟು ಹೇಳಿರಲಿಲ್ಲ.

ಮಗಳು ಕುತ್ತಿಗೆ ಎತ್ತಿ ಎತ್ತಿ ನೋಡುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಹಲಗೆಯ ಅಡಿಭಾಗ ಮತ್ತು ವೈರುಗಳು. "ನಿನ್ನ ಗಲ್ಲ ಈ ಹಲಗೆಗೆ ಮುಟ್ಟಿದ ದಿನ ಗುಂಡಿ ನಿನ್ನ ಕೈಗೆ" ಎಂದು ಇವರು ಮಾತು ಕೊಟ್ಟರು. ಅವಳು ದಿನಾ ಬೆಳಿಗ್ಗೆ ಬಂದು ಗಲ್ಲ ಎತ್ತಿ ನಿಂತು ನೋಡಿ ಹೋಗುತ್ತಿದ್ದಳು.

ಏಳನೇ ವರ್ಷದಲ್ಲಿ ಒಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ಅಮ್ಮನ ಹೊಲಿಗೆ ಸ್ಟೂಲು ಎಳೆದುಕೊಂಡು ಹತ್ತಿದಳು. ಎಂಜಿನ್ ಬಿಟ್ಟಳು. ಅದು ಹೋಯಿತು, ಹೋಯಿತು, ಹಲಗೆಯ ಬಲತುದಿ ದಾಟಿ ನೆಲಕ್ಕೆ ಬಿತ್ತು. ಸದ್ದಿಗೆ ಇವರು ಎದ್ದು ಬಂದಾಗ ಅವಳು ಎರಡು ಕೈಯಲ್ಲಿ ಎರಡು ತುಂಡು ಹಿಡಿದು, "ಅಪ್ಪಾ, ಅದು ನಿಲ್ಲಲೇ ಇಲ್ಲ" ಎಂದಳು.

"ಹೊಡೆದಿದ್ರೆ ಮರೀತಿದ್ಲೇನೋ. ನಾನು ಹೊಡೀಲಿಲ್ಲ, ಕೂಗಲೂ ಇಲ್ಲ. ಮೆಲ್ಲಗೆ ಅಂದೆ, ನಿನ್ನ ಕೈಯಲ್ಲಿ ಏನೂ ಉಳಿಯಲ್ಲ ಅಂತ."

ಅದಕ್ಕಿಂತ ಕೆಟ್ಟದ್ದು ಆಮೇಲೆ ಹೇಳಿದರು. ಹಳಿ ಮುಗಿಯುವ ತುದಿಯಲ್ಲಿ ರೈಲು ನಿಲ್ಲಲು ಒಂದು ತಡೆ ಇರಬೇಕು. ದೊಡ್ಡ ರೈಲಿಗೂ ಇರುತ್ತದೆ, ಚಿಕ್ಕದಕ್ಕೂ ಇರಬೇಕು. ಬುಡದ ಪ್ಲಾಸ್ಟರು ಹಸಿಯಿದೆ, ಗಟ್ಟಿಯಾಗಲಿ ಎಂದು ಅವರು ತಡೆ ಕೂರಿಸದೆ ಬಿಟ್ಟಿದ್ದರು. "ಮಗು ಸರಿಯಾಗೇ ಹೇಳಿತ್ತು. ನಿಲ್ಲೋಕೆ ಅಲ್ಲಿ ಏನೂ ಇರಲಿಲ್ಲ. ತಪ್ಪು ನಂದು ಅಂತ ಆ ಕ್ಷಣವೇ ಗೊತ್ತಾಯ್ತು. ಹೇಳಲಿಲ್ಲ. ಅಪ್ಪ ಅಲ್ವಾ ನಾನು!" ಮರುವಾರವೇ ತಡೆ ಕೂರಿಸಿದರು. ಹಲಗೆಯ ಅಂಚಿನುದ್ದಕ್ಕೂ ಬೆರಳೆತ್ತರದ ಪಾರದರ್ಶಕ ಪಟ್ಟಿಯನ್ನೂ ಬಿಗಿದರು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹನ್ನೊಂದನೇ ವರ್ಷಕ್ಕೆ ಮಗಳ ಗಲ್ಲ ಹಲಗೆಗೆ ಮುಟ್ಟಿತು. ಇವರು ಗುಂಡಿಯ ಪೆಟ್ಟಿಗೆ ಒರೆಸಿ ತಂದು ಕೈಗೆ ಕೊಡಹೋದರು. "ಬೇಡಪ್ಪಾ. ನನ್ನ ಕೈಯಲ್ಲಿ ಏನೂ ಉಳಿಯಲ್ಲ" ಎಂದಳು ಅವಳು. ಸಿಟ್ಟಿಲ್ಲ, ಮುನಿಸಿಲ್ಲ. ನನಗೆ ಈಜು ಬರಲ್ಲ ಎಂದು ಯಾರಾದರೂ ಹೇಳುವಂತೆ ಹೇಳಿ ಓದಲು ಹೋದಳು. ಅವರು ಹಲಗೆಗೆ ಹಳೆಯ ಬೆಡ್‌ಶೀಟು ಹೊದಿಸಿದರು. ಅದು ಇಪ್ಪತ್ತು ವರ್ಷ ಹಾಗೇ ಇತ್ತು.

"ಸಿಟ್ಟಲ್ಲಿ ಕೊಯ್ದ ಮೂಗು ಸಮಾಧಾನ ಆದಮೇಲೆ ಬರುತ್ತಾ ಅಂತಾರಲ್ಲ" ಎಂದರು ಹೊಲಿಗೆಯವರು, ಈಗ ಯಂತ್ರ ನಿಲ್ಲಿಸಿ ಬಾಗಿಲಲ್ಲಿ ನಿಂತು. "ಇವರು ಲಕ್ಷ ಹಲ್ಲು ಕಟ್ಟಿಕೊಟ್ರು. ಒಂದು ಮೂಗು ಕಟ್ಟೋಕಾಗಲಿಲ್ಲ."

ಮಗಳು ಬುದ್ಧಿವಂತೆ. ಬಸ್ ಪಾಸ್ ಕೊಡುವ ಆಫೀಸಿನಲ್ಲಿ ಕೆಲಸ, ಒಳ್ಳೆಯ ಹೆಸರು. ಆದರೆ ಮನೆಗೆ ಬಂದರೆ ಗಾಜಿನ ಲೋಟ ಮುಟ್ಟುವುದಿಲ್ಲ, ಸ್ಟೀಲಿನದೇ ಬೇಕು. ತನ್ನ ಸರ್ಟಿಫಿಕೇಟುಗಳನ್ನೆಲ್ಲ ಅಮ್ಮನ ಬೀರುವಿನಲ್ಲೇ ಇಟ್ಟಿದ್ದಾಳೆ. ಇವೆಲ್ಲ ಅವಳ ಸ್ವಭಾವ ಎಂದು ಮನೆಯವರು ನಕ್ಕು ಬಿಟ್ಟಿದ್ದರು. ಐದು ತಿಂಗಳ ಹಿಂದೆ ಅವಳಿಗೆ ಹೆರಿಗೆಯಾಯಿತು. ನರ್ಸು ಬಟ್ಟೆ ಸುತ್ತಿದ ಕೂಸನ್ನು ನೀಡಿದಾಗ ಅವಳು ಕೈಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. "ಅಮ್ಮಾ, ನೀನೇ ಇಟ್ಕೋ. ನನ್ನ ಕೈಯಲ್ಲಿ ಏನೂ ಉಳಿಯಲ್ಲ." ಹೇಳಿ ನಕ್ಕಳು ಬೇರೆ. ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಹಲ್ಲಿನಜ್ಜ ಅದನ್ನು ಕೇಳಿದರು. ತಮ್ಮದೇ ಮಾತು, ಒಂದಕ್ಷರ ಬದಲಾಗಿರಲಿಲ್ಲ.

ಈಗಲೂ ಕೂಸಿಗೆ ಸ್ನಾನ ಮಾಡಿಸುವುದು ಅಳಿಯ, ಎತ್ತಿ ಆಡಿಸುವುದು ಅಳಿಯ. ಅವಳು ಹಾಲು ಕೊಡುತ್ತಾಳೆ, ಅದೂ ಮಂಚದ ನಟ್ಟನಡುವೆ ಕೂತು, ಸುತ್ತ ದಿಂಬಿನ ಗೋಡೆ ಕಟ್ಟಿಕೊಂಡು.

ಕೇಳುತ್ತಿದ್ದವಳಿಗೆ ತನ್ನ ಮೊದಲ ದಿನಗಳು ನೆನಪಾದವು. ಮಗಳ ಕುತ್ತಿಗೆ ನಿಲ್ಲದಿದ್ದ ಆ ತಿಂಗಳುಗಳಲ್ಲಿ ಸೋಪು ಹಚ್ಚಲು ಇವಳೂ ಹೆದರಿದ್ದಳು. "ಮೊದಲ ಮಗು ಅಂದ್ರೆ ಎಲ್ಲರಿಗೂ ಹೆದರಿಕೆ ಇರುತ್ತೆ ಅಂಕಲ್" ಎಂದಳು.

"ಹೆದರಿಕೆ ಎಲ್ಲರಿಗೂ ಇರುತ್ತೆ. ಆ ಮಾತು ಎಲ್ಲರಿಗೂ ಇರಲ್ಲ."

"ನಿಮ್ಮ ಮಗಳಿಗೇ ನೇರ ಹೇಳಿಬಿಡಬಹುದಲ್ವಾ ಅಂಕಲ್?"

"ಹೇಳಿದೆ. ತಡೆ ಹಾಕದೆ ಇದ್ದಿದ್ದು ನಾನು ಕಣೇ, ನಿಂದೇನೂ ತಪ್ಪಿಲ್ಲ ಅಂತ, ಹೋದ ತಿಂಗಳು. ಅಯ್ಯೋ ಅಪ್ಪಾ, ಆ ಆಟದ ಸಾಮಾನಾ, ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀರಾ ಅಂತ ನಕ್ಳು. ನಗ್ತಾನೇ ಗಂಡನ್ನ ಕರೆದ್ಳು, ಬಾ, ಮಗೂನ ಎತ್ಕೋ ಅಂತ." ಹಲ್ಲಿನಜ್ಜ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಬಾಯಲ್ಲಿ ಹೇಳಿದ್ದು ಒಳಗೆ ಇಳೀತಿಲ್ಲಮ್ಮ. ಅವತ್ತೂ ನಾನು ಬಾಯಲ್ಲೇ ಹೇಳಿದ್ದು, ಅದು ಹೇಗೆ ಇಳೀತೋ ಗೊತ್ತಿಲ್ಲ."

ಬೆಡ್‌ಶೀಟು ತೆಗೆದು ರೈಲನ್ನು ಮತ್ತೆ ಓಡಿಸಿದ್ದು ಕೂಸು ಹುಟ್ಟಿದ ಮೇಲೆ. ಪಕ್ಕದಲ್ಲೊಂದು ಮಗು ನಿಂತು ಆಡಲಿ, ಮಾತು ನುಂಗುವುದು ತಮ್ಮ ಬಾಯಿಗೆ ಅಭ್ಯಾಸವಾಗಲಿ ಎಂದೇ ಮೇಲ್ಮನೆಯ ಪುಟ್ಟಿಯನ್ನು ಕರೆದದ್ದು. ಇದನ್ನು ಹೇಳುವಾಗ ಅವರಿಗೆ ನಾಚಿಕೆಯಾಯಿತು. "ನಿಮ್ಮ ಮಗಳ ಹತ್ರ ಪಾಠ ಕಲೀತಿದೀನಿ" ಎಂದರು.

ಅವಳು ಹೊರಡಲೆಂದು ತಿರುಗಿದಾಗಲೇ ಗಮನಿಸಿದ್ದು, ಹಲಗೆಯ ಅಂಚಿನ ಪಾರದರ್ಶಕ ಪಟ್ಟಿ ಅರ್ಧದವರೆಗೆ ಬಿಚ್ಚಿತ್ತು. ಸ್ಕ್ರೂಗಳು ಒಂದು ಹಳೆಯ ಬಟ್ಟಲಲ್ಲಿದ್ದವು. ಬಲತುದಿಯಲ್ಲಿ ತಡೆಯೂ ಇರಲಿಲ್ಲ.

"ಶನಿವಾರ ಮಗಳು ಬರ್ತಾಳೆ, ಕೂಸನ್ನೂ ಕರ್ಕೊಂಡು" ಎಂದರು ಹಲ್ಲಿನಜ್ಜ. "ನೀವೂ ಪುಟ್ಟೀನ ಕರ್ಕೊಂಡು ಬರಬೇಕು."

"ಬರ್ತೀವಿ ಅಂಕಲ್, ಅದಕ್ಕೇನಂತೆ."

"ಬಂದು, ಪುಟ್ಟಿ ಎಂಜಿನ್ ಕೆಳಗೆ ಬೀಳಿಸಬೇಕು. ನನ್ನ ಮಗಳ ಕಣ್ಣೆದುರಿಗೇ. ಅವತ್ತು ಅವಳಿಗೆ ಅಂದದ್ದನ್ನ ಇನ್ನೊಂದು ಮಗುವಿಗೆ ಅನ್ನದೆ ಇರ್ತೀನಾ ಅಂತ ಅವಳೇ ನೋಡಲಿ."

ಅವಳು ಬಾಗಿಲಲ್ಲಿದ್ದ ಹೊಲಿಗೆಯವರ ಮುಖ ನೋಡಿದಳು. ಅವರಿಗೂ ಇದು ಹೊಸ ಸುದ್ದಿ. "ಹೋಗಿ ಹೋಗಿ ನಾಟಕ ಬೇರೆ ಆಡಿಸ್ತೀರೇನ್ರೀ?" ಎಂದರು. ದನಿಯಲ್ಲಿ ಎಂದಿನ ಮೊನೆ ಇರಲಿಲ್ಲ.

"ಅಂಕಲ್, ಬೀಳಿಸಬಾರದು ಅಂತ ಕಲಿಸೋಕೆ ನನಗೆ ಮೂರು ವರ್ಷ ಹಿಡೀತು" ಎಂದಳು ತಾಯಿ. "ನಾನೇ ಬೀಳಿಸಿದ್ರೆ ಆಗಲ್ವಾ?"

"ಆಗಲ್ಲಮ್ಮ. ನಿಮ್ಮನ್ನ ಬೈಯೋ ಧೈರ್ಯ ನನಗಿಲ್ಲ. ಮಕ್ಕಳನ್ನಾದ್ರೆ ಏನು ಬೇಕಾದ್ರೂ ಅನ್ನಬಹುದು ಅನ್ನೋ ಧೈರ್ಯ ಇತ್ತಲ್ಲ, ಎಡವಿದ್ದೇ ಅಲ್ಲಿ."

"ಅಕಸ್ಮಾತ್ ನೀವು ಬೈದುಬಿಟ್ರೆ? ನನ್ನ ಮಗಳ ಗತಿ?"

ಹಲ್ಲಿನಜ್ಜ ಆ ಪ್ರಶ್ನೆಯನ್ನು ತಾವೇ ಎಷ್ಟೋ ಸಲ ಕೇಳಿಕೊಂಡವರ ಹಾಗೆ ತಲೆಯಾಡಿಸಿದರು.

"ಅದಕ್ಕೇ ನೀವು ಅವಳ ಪಕ್ಕದಲ್ಲೇ ನಿಂತಿರಿ. ನನ್ನ ಬಾಯಿ ಜಾರೋ ಹಾಗೆ ಕಂಡ್ರೆ ಮಾತು ಮುಗಿಯೋಕೆ ಬಿಡಬೇಡಿ, ಪುಟ್ಟೀನ ಎತ್ಕೊಂಡು ಹೊರಟುಬಿಡಿ. ಮತ್ತೆ ಈ ಮನೆಗೆ ಕಳಿಸಲೂ ಬೇಡಿ." ಅವರು ಎದ್ದು ನಿಂತರು. "ಇನ್ನೊಂದು ಮಾತು. ಯಾವಾಗ ಬೀಳಿಸ್ತಾಳೆ ಅಂತ ನನಗೆ ಮುಂಚೆ ಹೇಳಬಾರದು, ಸನ್ನೆಯನ್ನೂ ಮಾಡಬಾರದು. ಗೊತ್ತಿದ್ರೆ ನಾನು ಒಳ್ಳೆಯವನ ಹಾಗೆ ನಟಿಸಿಬಿಡ್ತೀನಿ, ನನ್ನ ಮಗಳು ಅದನ್ನ ಒಂದು ಕಣ್ಣಲ್ಲೇ ಹಿಡೀತಾಳೆ. ಗೊತ್ತಿಲ್ಲದೇ ಇರಬೇಕು. ಬಿದ್ದಾಗ ನನ್ನ ಬಾಯಿಂದ ಏನು ಬರುತ್ತೋ ನನಗೂ ಗೊತ್ತಿಲ್ಲಮ್ಮ. ಏನು ಬಂದ್ರೂ ಅದನ್ನ ನನ್ನ ಮಗಳು ಅಲ್ಲೇ ನಿಂತು ಕೇಳಲಿ. ಇಷ್ಟು ಮಾಡಿಕೊಡ್ತೀರಾ?"